ಸತ್ಯಾಂಶ: ಕಪ್ಪು ಗೋಡೆ ಅಳತೆಯನ್ನು ಹಿಗ್ಗಿಸುವುದಿಲ್ಲ

‘ಲೇಸರ್ ಮೀಟರ್ (ಬೆಳಕಿನ ಕಿರಣ ಬಿಟ್ಟು ದೂರ ಅಳೆಯುವ ಸಾಧನ) ಕಪ್ಪು ಗೋಡೆಯನ್ನು ದೂರ, ಬಿಳಿ ಗೋಡೆಯನ್ನು ಹತ್ತಿರ ತೋರಿಸುತ್ತದೆ, ಮೋಸ ಹೋಗಬೇಡಿ’ ಎಂಬ ಸಂದೇಶ ಬಾಗಲಕೋಟೆಯಲ್ಲಿ ಮನೆ ಕಟ್ಟಿಸುವವರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. ಪ್ರಾಮಾಣಿಕವಾಗಿ ಅಳೆಯುವ ಮೇಸ್ತ್ರಿಯ ಮೇಲೂ ಅನುಮಾನ ಹುಟ್ಟಿಸುವ ಮಾತಿದು ಎಂಬುದೇ ನನಗೆ ನೋವು.

ಲೇಸರ್ ಮೀಟರ್ ದೂರವನ್ನು ಲೆಕ್ಕ ಹಾಕುವುದು ಬೆಳಕು ಹೋಗಿ ಮರಳುವ ಸಮಯದಿಂದ, ಮರಳಿದ ಬೆಳಕಿನ ಪ್ರಖರತೆಯಿಂದಲ್ಲ. ಗೋಡೆ 10 ಮೀಟರ್ ದೂರದಲ್ಲಿದ್ದರೆ, ಬಣ್ಣ ಯಾವುದೇ ಇರಲಿ, ಬೆಳಕು ಸುಮಾರು 67 ನ್ಯಾನೊಸೆಕೆಂಡುಗಳಲ್ಲಿ (ಒಂದು ನ್ಯಾನೊಸೆಕೆಂಡು ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ) ಹಿಂತಿರುಗುತ್ತದೆ.

ಬಣ್ಣದಿಂದ ಬದಲಾಗುವುದು ಸಂಕೇತದ, ಅಂದರೆ ಮರಳಿ ಬರುವ ಬೆಳಕಿನ, ಬಲ. ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಕಪ್ಪು ಗೋಡೆ ಹೆಚ್ಚಿನದನ್ನು ಹೀರಿಕೊಳ್ಳುತ್ತದೆ. ದೂರ ಇಮ್ಮಡಿಯಾದರೆ ಮರಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಸಂಕೇತ ದುರ್ಬಲವಾದಾಗ ಅಂಕಿ ಕೆಲವು ಮಿಲಿಮೀಟರ್ ಅತ್ತಿತ್ತ ಆಡಬಹುದು, ಇಲ್ಲವೇ ಮೀಟರ್ ದೋಷ ತೋರಿಸಿ ನಿಲ್ಲಬಹುದು. ಅಡಿಗಟ್ಟಲೆ ಹಿಗ್ಗುವುದಿಲ್ಲ.

ನಿಜವಾದ ಎಚ್ಚರಿಕೆ ಬೇಕಿರುವುದು ಹೊಳಪಿನ ಬಗ್ಗೆ. ಪಾಲಿಶ್ ಮಾಡಿದ ಇಳಕಲ್ ಗ್ರಾನೈಟ್, ಕನ್ನಡಿ, ಗಾಜುಗಳ ಮೇಲೆ ಓರೆಯಾಗಿ ಬಿದ್ದ ಕಿರಣ ಬೇರೆಡೆಗೆ ಜಾರಿ, ಇನ್ನೊಂದು ಗೋಡೆಯ ದೂರವನ್ನು ಹೊತ್ತು ತರಬಹುದು. ಅಲ್ಲಿ ಒಂದು ಬಿಳಿ ಕಾಗದ ಅಂಟಿಸಿ ಅಳೆಯಿರಿ.