ಗಿಟಾರು ಜಾಗ ಬಿಟ್ಟರೆ

ಪ್ರೊಗ್ರೆಸಿವ್ ರಾಕ್, ಚುಟುಕಾಗಿ ಪ್ರಾಗ್, ಎಂದರೆ ಗಂಡಸರ ಸಂತೆ ಎಂಬ ಮಾತು ಪೂರ್ತಿ ಸುಳ್ಳೇನಲ್ಲ. ಇಪ್ಪತ್ತು ನಿಮಿಷದ ಹಾಡು, ಅದರಲ್ಲಿ ಹನ್ನೆರಡು ನಿಮಿಷ ಹಾಡೇ ಇರುವುದಿಲ್ಲ. ಮಿರಮಿರ ಮಿಂಚುವ ನಿಲುವಂಗಿ ಹೊದ್ದು ಕೀಬೋರ್ಡುಗಳ ಕೋಟೆಯೊಳಗೆ ನಿಂತ ರಿಕ್ ವೇಕ್‌ಮನ್. ತಾಳ ಏಳಕ್ಕೆ ಹೋಯಿತೋ ಒಂಬತ್ತಕ್ಕೆ ಹೋಯಿತೋ ಎಂದು ಬೆರಳು ಮಡಚುತ್ತ ಕೂತ ಅಭಿಮಾನಿ, ಅವನೂ ಗಂಡಸೇ. ಇಂಥವರ ನಡುವೆ ಹೋಗಿ ನಿಮ್ಮ ಮೆಚ್ಚಿನ ಗಾಯಕಿಯರು ಯಾರು ಎಂದು ಕೇಳಿ ನೋಡಿ. ರೆನೇಸಾನ್ಸ್ ತಂಡದ ಆನಿ ಹಾಸ್ಲಮ್ ಹೆಸರು ತಟ್ಟನೆ ಬರುತ್ತದೆ. ಕೇಟ್ ಬುಷ್ ಪ್ರಾಗ್ ಹೌದೋ ಅಲ್ಲವೋ ಎಂಬ ಜಗಳ ಅರ್ಧ ಗಂಟೆ ಎಳೆಯುತ್ತದೆ. ಕೊನೆಗೆ ಯಾರೋ ಒಬ್ಬರು, 'ಹಾಸ್ಲಮ್ ದನಿ ಐದು ಸ್ಥಾಯಿ ಓಡಾಡುತ್ತದಂತೆ' ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಈ ಐದು ಸ್ಥಾಯಿಯ ಲೆಕ್ಕ ನನಗೆ ರುಚಿಸುವುದಿಲ್ಲ. ಪಿಯಾನೋದ 88 ಮನೆಗಳನ್ನೂ ಒತ್ತುತ್ತ ಹೋದರೆ ಸಿಗುವುದೇ ಏಳು ಸ್ಥಾಯಿ ಮತ್ತು ಸ್ವಲ್ಪ ಚಿಲ್ಲರೆ. ಹಾಡುವಾಗ ನಿಜವಾಗಿ ಬಳಕೆಗೆ ಬರುವುದು ಎರಡು, ಬಹಳವೆಂದರೆ ಎರಡೂವರೆ. ಉಳಿದದ್ದು ಪೋಸ್ಟರಿಗೆ. ಈ ಸಂಗೀತದಲ್ಲಿ ಹೆಣ್ಣು ದನಿ ಚೆನ್ನಾಗಿ ಕೇಳುವುದಕ್ಕೂ ಕೇಳದೇ ಹೋಗುವುದಕ್ಕೂ ಕಾರಣ ಬೇರೆ ಇದೆ. ಆ ದನಿ ಕೂರಬೇಕಾದ ಜಾಗದಲ್ಲಿ ಮೊದಲೇ ಯಾರು ಕೂತಿದ್ದಾರೆ ಎಂಬುದು ಮುಖ್ಯ.

ನಮ್ಮ ಕಿವಿ ಅತಿ ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ದನಿಯ ಹೊಳಪು, ವ್ಯಂಜನಗಳ ಮೊನೆ ಎಲ್ಲ ಇರುವುದು ಅಲ್ಲೇ. ಎಲೆಕ್ಟ್ರಿಕ್ ಗಿಟಾರಿನ ಮೂಲಸ್ವರಗಳು ಇದಕ್ಕಿಂತ ಎಷ್ಟೋ ಕೆಳಗೆ ಇರುತ್ತವೆ ನಿಜ. ಆದರೆ ಸದ್ದನ್ನು ಒಡೆದು ಗರಗರ ಎನಿಸುವ ಡಿಸ್ಟಾರ್ಷನ್ ಒತ್ತಿದ ಕೂಡಲೇ ಅದರ ಉಪಸ್ವರಗಳು ಮೇಲಕ್ಕೆ ಚಿಮ್ಮಿ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ, ಆ ಜಾಗವನ್ನೆಲ್ಲ ಹಿಡಿದುಬಿಡುತ್ತವೆ. ಆಮೇಲೆ ಹತ್ತಿದ ಗಾಯಕಿ ನಿಂತೇ ಪ್ರಯಾಣ ಮಾಡಬೇಕು. ಅದಕ್ಕೆ ಅವಳು ಕಿರುಚುತ್ತಾಳೆ, ಇಲ್ಲವೇ ಮಿಕ್ಸಿಂಗ್ ಮಾಡುವವನು ಅವಳ ದನಿಗೆ ಬಕೆಟ್‌ಗಟ್ಟಲೆ ರಿವರ್ಬ್, ಅಂದರೆ ಮಾರ್ದನಿ, ಸುರಿಯುತ್ತಾನೆ. ಎರಡರಿಂದಲೂ ಕೆಲಸ ಆಗುವುದಿಲ್ಲ. ಕಿರುಚಿದರೆ ದನಿಯ ಬಣ್ಣ ಹೋಗುತ್ತದೆ, ರಿವರ್ಬ್ ಹೆಚ್ಚಾದರೆ ಮಾತು ಕಲಸಿಹೋಗುತ್ತದೆ.

ಈಗ ರೆನೇಸಾನ್ಸ್ ತಂಡದ ಕಡೆ ಬನ್ನಿ. ಇದನ್ನು 1969ರಲ್ಲಿ ಕಟ್ಟಿದವರು ಯಾರ್ಡ್‌ಬರ್ಡ್ಸ್ ಎಂಬ ರಾಕ್ ತಂಡದಿಂದ ಹೊರಬಂದ ಕೀತ್ ರೆಲ್ಫ್ ಮತ್ತು ಜಿಮ್ ಮೆಕಾರ್ಟಿ. ಮೊದಲು ಹಾಡಿದವಳು ಕೀತ್‌ನ ತಂಗಿ ಜೇನ್ ರೆಲ್ಫ್. ಹಾಸ್ಲಮ್ ಸೇರಿದ್ದು 1971ರಲ್ಲಿ, ಹಳಬರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದಾಗ. 1973ರ 'ಆ್ಯಷಸ್ ಆರ್ ಬರ್ನಿಂಗ್' ಹೊತ್ತಿಗೆ ತಂಡದ ಪೂರ್ತಿ ರೂಪ ಬದಲಾಗಿತ್ತು. ಜಾನ್ ಟೌಟ್ ಪಿಯಾನೋ, ಮೈಕೆಲ್ ಡನ್‌ಫರ್ಡ್ ಅಕೂಸ್ಟಿಕ್ ಗಿಟಾರು. ಎಲೆಕ್ಟ್ರಿಕ್ ಗಿಟಾರಿನ ಕೆಲಸವನ್ನು ವಹಿಸಿಕೊಂಡದ್ದು ಜಾನ್ ಕ್ಯಾಂಪ್‌ನ ರಿಕನ್‌ಬ್ಯಾಕರ್ ಕಂಪನಿಯ ಬೇಸ್ ಗಿಟಾರು. ಕೆಳಗಿದ್ದುಕೊಂಡೇ ಓಡಾಡುವ, ಆದರೆ ಮುಂದೆ ಬಂದು ಮಾತಾಡುವ ಬೇಸ್ ಅದು. ಇದರ ಫಲವಾಗಿ ನಡುವೆ ಒಂದು ಖಾಲಿ ಅಂಗಳ ಬಿದ್ದಿತು. ಹಾಸ್ಲಮ್ ಅಲ್ಲಿ ಕೂಗಬೇಕಾಗಿಲ್ಲ, ಸುಮ್ಮನೆ ಹಾಡಿದರೆ ಸಾಕು. ಈ ತಂಡ ಪ್ರಾಗ್ ಲೋಕದಲ್ಲಿ ಒಂಟಿಯಾಗಿ ಕಾಣುವುದಕ್ಕೆ ಅವಳ ದನಿ ಎಷ್ಟು ಕಾರಣವೋ, ಯಾರೋ ಆಂಪ್ಲಿಫೈಯರಿನ ಪ್ಲಗ್ ಕಿತ್ತದ್ದೂ ಅಷ್ಟೇ ಕಾರಣ.

ಹಾಡಿನ ಸಾಹಿತ್ಯದ ಬಹುಪಾಲು ಬೆಟ್ಟಿ ಥ್ಯಾಚರ್ ಎಂಬ ಕವಯಿತ್ರಿಯದು. ಆಕೆ ಇದ್ದದ್ದು ಕಾರ್ನ್‌ವಾಲ್‌ನಲ್ಲಿ, ಸಾಲುಗಳು ತಂಡಕ್ಕೆ ಬರುತ್ತಿದ್ದದ್ದು ಅಂಚೆಯಲ್ಲಿ. ಆ ಸಾಲುಗಳಲ್ಲಿ ಎಲ್ಲವೂ ಮಹಾಕಾವ್ಯವೇನಲ್ಲ. ಆದರೆ ಉದ್ದ ಉಸಿರಿನ ಗಾಯಕಿಗೆ ಬೇಕಾದ ತೆರೆದ ಸ್ವರಗಳು ಸಾಲಿನ ಕೊನೆಗೆ ಸರಿಯಾಗಿ ಬಂದು ಕೂರುತ್ತವೆ.

ತೆರೆದ ಸ್ವರ ಯಾಕೆ ಬೇಕು ಎಂಬುದಕ್ಕೆ ಗಂಟಲಿನ ಭೌತಶಾಸ್ತ್ರವೇ ಉತ್ತರ ಹೇಳುತ್ತದೆ. 'ಇ', 'ಉ' ಮುಂತಾದ ಸ್ವರಗಳನ್ನು ನಾವು ಗುರುತಿಸುವುದು ಮುಖ್ಯವಾಗಿ ಬಾಯಿಯ ಪೊಳ್ಳಿನ ಮೊದಲ ಎರಡು ಅನುರಣನಗಳಿಂದ. 'ಇ', 'ಉ' ಎರಡಕ್ಕೂ ಮೊದಲ ಅನುರಣನ ಸುಮಾರು 300 ಹರ್ಟ್ಸ್ ಆಸುಪಾಸು. ಗಾಯಕಿ ಅದಕ್ಕಿಂತ ಎಷ್ಟೋ ಮೇಲಿನ, 700ರ 800ರ ಸ್ವರ ಹಿಡಿದರೆ ಆ ಗುರುತೇ ಅಳಿಸಿಹೋಗುತ್ತದೆ. ಸಾವಿರ ಹರ್ಟ್ಸ್ ಹತ್ತಿರ ಏನೇ ಉಚ್ಚರಿಸಿದರೂ ಕಿವಿಗೆ ಬೀಳುವುದು ಹೆಚ್ಚುಕಮ್ಮಿ 'ಆ'. ಆದ್ದರಿಂದ ತಾರ ಸ್ಥಾಯಿಯಲ್ಲಿ ಸಾಹಿತ್ಯ ಅರ್ಥವಾಗಲಿಲ್ಲ ಎಂದು ಗಾಯಕಿಯನ್ನು ಬೈಯುವುದು ತಪ್ಪು. ಬೈಯುವುದಾದರೆ ಅಷ್ಟು ಮೇಲೆ ಮಾತು ಬರೆದವರನ್ನು ಬೈಯಿರಿ. ಹಾಸ್ಲಮ್ ಮೇಲೆ ಹೋದಾಗ ಮಾತು ಬಿಟ್ಟು ಬರೀ ಅಕಾರ ಹಿಡಿಯುತ್ತಾಳೆ. 1975ರ ಜೂನ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಕಛೇರಿಯ ಧ್ವನಿಮುದ್ರಣ ಸಿಗುತ್ತದೆ, ಕೇಳಿ. ಹನ್ನೊಂದು ನಿಮಿಷದ 'ಆ್ಯಷಸ್ ಆರ್ ಬರ್ನಿಂಗ್' ಅಲ್ಲಿ ಇಪ್ಪತ್ಮೂರು ನಿಮಿಷ ಮೀರಿ ಬೆಳೆಯುತ್ತದೆ. ನಡುವಿನ ಬೇಸ್ ಸೋಲೋ ಉದ್ದವಾಯಿತು ಎನ್ನುವವರಿದ್ದಾರೆ. ಹೌದು, ಉದ್ದವಾಯಿತು, ಒಪ್ಪೋಣ. ಆದರೂ ಮುಂದಕ್ಕೆ ಓಡಿಸಬೇಡಿ. ಕೊನೆಯಲ್ಲಿ ಅವಳು ಎತ್ತುವ ಸ್ವರಕ್ಕೆ ತೂಕ ಬರುವುದು ಆ ಕಾಯಿಸುವಿಕೆಯಿಂದಲೇ.

ಮಾತೇ ಇಲ್ಲದ ಹಾಡು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಪಿಂಕ್ ಫ್ಲಾಯ್ಡ್‌ನ 'ದ ಗ್ರೇಟ್ ಗಿಗ್ ಇನ್ ದ ಸ್ಕೈ'. ಹಾಡಿದವಳು ಕ್ಲೇರ್ ಟೋರಿ, ಸ್ಟುಡಿಯೋಗಳಲ್ಲಿ ಕರೆದಾಗ ಬಂದು ಹಾಡಿಹೋಗುವ ಗಾಯಕಿ. ಇಂಜಿನಿಯರ್ ಆಲನ್ ಪಾರ್ಸನ್ಸ್ ಅವಳ ಹೆಸರು ಹೇಳಿದ. 1973ರ ಜನವರಿ 21, ಭಾನುವಾರ, ಆ್ಯಬಿ ರೋಡ್ ಸ್ಟುಡಿಯೋ. ಮೊದಲು ಅವಳು ರೂಢಿಯ ಪ್ರಕಾರ 'ಬೇಬಿ', 'ಯೆ' ಎಂದೆಲ್ಲ ಸೇರಿಸಿ ಹಾಡಿದಳು. ಮಾತು ಬೇಡ ಎಂದರು. ಹಾಗಾದರೆ ನಾನೂ ಒಂದು ವಾದ್ಯ ಎಂದುಕೊಂಡು ಹಾಡಿದಳು. ಕೆಲವೇ ಟೇಕ್‌ಗಳಲ್ಲಿ ಕೆಲಸ ಮುಗಿಯಿತು. ಭಾನುವಾರದ ದುಪ್ಪಟ್ಟು ದರ ಸೇರಿ ಕೈಗೆ ಬಂದದ್ದು 30 ಪೌಂಡ್. ಆ ಸ್ವರಪ್ರಸ್ತಾರ ಅವಳದೇ ರಚನೆ ಎಂಬ ಮಾತಿಗೆ 2004ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮರುವರ್ಷ ರಾಜಿಯಾಗಿ, ಅಲ್ಲಿಂದಾಚೆಗಿನ ಮುದ್ರಣಗಳಲ್ಲಿ ರಚನಕಾರನಾಗಿ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಹೆಸರಿನ ಪಕ್ಕ ಟೋರಿಯ ಹೆಸರೂ ಬಂತು. ಮನೆಯಲ್ಲಿರುವ ಹಳೆಯ ಪ್ರತಿಯ ಲೇಬಲ್ ತಿರುಗಿಸಿ ನೋಡಿದರೆ ಅವಳ ಹೆಸರು ಅಲ್ಲಿರುವುದಿಲ್ಲ.

ಈ ಹಾಡನ್ನು ಒಮ್ಮೆ ವಾದ್ಯಗಳ ಮೇಲೆ ಕಿವಿಯಿಟ್ಟು ಕೇಳಿ. ಪಿಯಾನೋ, ಹ್ಯಾಮಂಡ್ ಆರ್ಗನ್, ಬೇಸ್, ಡ್ರಮ್ಸ್. ಶುರುವಿನಲ್ಲಿ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಪೆಡಲ್ ಸ್ಟೀಲ್ ಎಂಬ ಮಲಗಿಸಿ ನುಡಿಸುವ ಗಿಟಾರಿನಲ್ಲಿ ಸ್ವರ ಜಾರಿಸುತ್ತಾನೆ. ಗಿಲ್ಮೋರ್‌ನಂಥವನು ತಂಡದಲ್ಲಿದ್ದೂ ಗಿಟಾರ್ ಸೋಲೋ ಇಲ್ಲ. ಒಂದು ನಿಮಿಷ ದಾಟುತ್ತಿದ್ದಂತೆ ಡ್ರಮ್ಸ್ ಬೀಳುತ್ತದೆ, ಅದರ ಜೊತೆಗೇ ದನಿ ಸಿಡಿಯುತ್ತದೆ. ಮೊದಲ ಸುತ್ತು ಪೂರ್ತಿ ಎದೆಯಿಂದ ಬಂದ ದನಿ. ಎರಡನೆಯ ಸುತ್ತಿನಲ್ಲಿ ಅದೇ ದನಿ ಗಂಟಲು ಸಡಿಲಿಸಿ ಕೆಳಗಿಳಿಯುತ್ತದೆ, ಕೊನೆಯಲ್ಲಿ ನರಳಿಕೆ ಮಾತ್ರ ಉಳಿಯುತ್ತದೆ. ಇಷ್ಟನ್ನು ಒಬ್ಬಳೇ ರಾತ್ರಿರಾತ್ರಿ ವೇದಿಕೆ ಮೇಲೆ ಹಾಡುವುದು ಎಷ್ಟು ಕಷ್ಟವೆಂದರೆ, ಪಿಂಕ್ ಫ್ಲಾಯ್ಡ್‌ನವರೇ 1988ರಲ್ಲೂ 1994ರಲ್ಲೂ ಇದನ್ನು ಮೂವರು ಗಾಯಕಿಯರಿಗೆ ಹಂಚಿಕೊಟ್ಟರು. ಇದನ್ನು ಹಾಡಲು ಹೋದವರು ಸಾಮಾನ್ಯವಾಗಿ ಎಡವುವುದು ಏರಿನಲ್ಲಲ್ಲ, ಎರಡನೆಯ ಸುತ್ತಿನಲ್ಲಿ. ಮೊದಲ ಸುತ್ತಿನಲ್ಲೇ ಉಸಿರನ್ನೆಲ್ಲ ಖರ್ಚು ಮಾಡಿಕೊಂಡು, ಮೆಲ್ಲಗೆ ಹಾಡಬೇಕಾದಲ್ಲಿ ಶ್ರುತಿ ಇಳಿಸಿಬಿಡುತ್ತಾರೆ.

ಇದೇ ಕೆಲಸವನ್ನು ಒಂದಿಷ್ಟೂ ಅಬ್ಬರವಿಲ್ಲದೆ ಮಾಡಿದವರು ನಾರ್ತೆಟ್ಸ್. ಅಮಾಂಡಾ ಪಾರ್ಸನ್ಸ್, ಬಾರ್ಬರಾ ಗ್ಯಾಸ್ಕಿನ್, ಆ್ಯನ್ ರೋಸೆಂತಾಲ್ ಎಂಬ ಮೂವರು. 'ಹ್ಯಾಟ್‌ಫೀಲ್ಡ್ ಆ್ಯಂಡ್ ದ ನಾರ್ತ್' ತಂಡದ 1974 ಮತ್ತು 1975ರ ಎರಡು ಆಲ್ಬಮ್‌ಗಳಲ್ಲಿ ಇವರ ದನಿ ಆರ್ಗನ್ನಿನ ಸಾಲಿಗೆ ಅಂಟಿಕೊಂಡೇ ಓಡುತ್ತದೆ. ವಿಬ್ರಾಟೋ ಎಂದರೆ ಸ್ವರವನ್ನು ನಡುಗಿಸುವುದು ತಾನೇ. ಮೂವರೂ ಒಂದೊಂದು ವೇಗದಲ್ಲಿ ನಡುಗಿಸಿದರೆ ಕೂಡುಸ್ವರ ಕೆಸರಾಗುತ್ತದೆ. ಇವರು ನೇರ ಗೆರೆ ಎಳೆದಂತೆ ಹಾಡುತ್ತಾರೆ, ತಾಳ ಎಲ್ಲಿ ಕುಂಟಿದರೂ ಉಸಿರು ಎಲ್ಲಿ ತೆಗೆದರೆಂದು ತಿಳಿಯುವುದಿಲ್ಲ. ಆ ಕಾಲದ ತಂಡಗಳ ಬಳಿ ಮೆಲೊಟ್ರಾನ್ ಎಂಬ ಯಂತ್ರವೂ ಇತ್ತು, ಒಂದೊಂದು ಮನೆಗೂ ಒಂದೊಂದು ಟೇಪು, ಕೋರಸ್ ದನಿಯನ್ನೂ ಅದರಿಂದಲೇ ನುಡಿಸುತ್ತಿದ್ದರು. ಆದರೆ ಟೇಪು ಇರುವುದು ಸುಮಾರು ಎಂಟು ಸೆಕೆಂಡು. ಅದಾದ ಮೇಲೆ ಯಂತ್ರಕ್ಕೇ ಉಸಿರು ಕಟ್ಟುತ್ತದೆ! ಅಂದಹಾಗೆ ಈ ಗ್ಯಾಸ್ಕಿನ್ 1981ರಲ್ಲಿ ಅದೇ ತಂಡದ ಕೀಬೋರ್ಡ್ ವಾದಕ ಡೇವ್ ಸ್ಟುವರ್ಟ್ ಜೊತೆ 'ಇಟ್ಸ್ ಮೈ ಪಾರ್ಟಿ' ಹಾಡಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋದಳು.

ಜಾಗ ಖಾಲಿ ಇಲ್ಲದಿದ್ದರೆ ಏನು ಮಾಡಬೇಕು? ಕರ್ವ್ಡ್ ಏರ್ ತಂಡದ ಸೋನ್ಯಾ ಕ್ರಿಸ್ಟೀನಾ ಕಂಡುಕೊಂಡ ದಾರಿ ಕೆಳಗಿಳಿಯುವುದು. ಅಲ್ಲಿ ಡ್ಯಾರಿಲ್ ವೇ ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಪಿಟೀಲು, ಅದಂತೂ ಹೆಣ್ಣು ದನಿಯ ಸ್ಥಾಯಿಯಲ್ಲೇ ಸಂಸಾರ ಹೂಡುವ ವಾದ್ಯ. ಅದರ ಮೇಲೆ ಹಾಡಲು ಹೋಗದೆ, ಉಸಿರು ಬೆರೆಸಿದ ತಗ್ಗಿದ ದನಿಯಲ್ಲಿ, ಅರ್ಧ ಮಾತಾಡಿದಂತೆ ಹಾಡಿದಳು. 1971ರಲ್ಲಿ ಬ್ರಿಟನ್ನಿನ ಪಟ್ಟಿಯ ನಾಲ್ಕನೇ ಸ್ಥಾನ ಮುಟ್ಟಿದ 'ಬ್ಯಾಕ್ ಸ್ಟ್ರೀಟ್ ಲವ್' ಕೇಳಿದರೆ ಇದು ತಿಳಿಯುತ್ತದೆ.

ಇನ್ನೊಂದು ದಾರಿ ಬೇರೆಯವರನ್ನು ಎಬ್ಬಿಸುವುದು. ಪೀಟರ್ ಗೇಬ್ರಿಯಲ್ ತನ್ನ 1980ರ ಆಲ್ಬಮ್‌ನಲ್ಲಿ ಡ್ರಮ್ಮರುಗಳಿಗೆ ಸಿಂಬಲ್, ಅಂದರೆ ಡ್ರಮ್ಸಿನ ಲೋಹದ ತಟ್ಟೆ, ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ. ಸಿಂಬಲಿನ ಸರಸರ ಸದ್ದೂ 'ಸ', 'ಶ'ಗಳ ಸದ್ದೂ ಒಂದೇ ಎತ್ತರದಲ್ಲಿ ಇರುತ್ತವೆ. ಒಂದನ್ನು ತೆಗೆದರೆ ಇನ್ನೊಂದು ತಾನಾಗಿ ಮುಂದೆ ಬರುತ್ತದೆ. ಆ ಆಲ್ಬಮ್‌ನ 'ಗೇಮ್ಸ್ ವಿತೌಟ್ ಫ್ರಂಟಿಯರ್ಸ್'ನಲ್ಲಿ ಹಿಂದಿನಿಂದ ಪಿಸುಗುಟ್ಟಿದಂತೆ ಹಾಡಿದವಳು ಕೇಟ್ ಬುಷ್. ಅಷ್ಟು ಮೆತ್ತಗೆ ಹಾಡಿದರೂ ದನಿ ಎಲ್ಲೂ ಮುಳುಗುವುದಿಲ್ಲ. ಮುಂದೆ ಅವಳು ಸ್ವಂತ ಸ್ಟುಡಿಯೋ ಕಟ್ಟಿಕೊಂಡು, ಯಾರಿಗೆ ಎಷ್ಟು ಜಾಗ ಎಂಬುದನ್ನು ತಾನೇ ತೀರ್ಮಾನಿಸುತ್ತ, 1985ರ 'ಹೌಂಡ್ಸ್ ಆಫ್ ಲವ್' ಮಾಡಿದಳು. ಅದರ ಎರಡನೇ ಬದಿ ರಾತ್ರಿಯಿಡೀ ಕಡಲಲ್ಲಿ ತೇಲುವ ಒಬ್ಬ ಹೆಣ್ಣಿನ ಕಥೆ, ಏಳು ಹಾಡುಗಳ ಸರಮಾಲೆ. 'ಹಲೋ ಅರ್ತ್' ಹಾಡಿನಲ್ಲಿ ವಾದ್ಯಗಳೆಲ್ಲ ಸರಿದು ಗಂಡುದನಿಗಳ ಮೇಳವೊಂದು ಜಾರ್ಜಿಯಾ ದೇಶದ ಜನಪದ ಹಾಡನ್ನು ಎತ್ತಿಕೊಳ್ಳುತ್ತದೆ. ಪ್ರಾಗ್ ಹೌದೋ ಅಲ್ಲವೋ ಎಂದು ಜಗಳವಾಡುವವರು ಮೊದಲು ಈ ಬದಿಯನ್ನು ನಡುವೆ ಏಳದೆ ಕೇಳಿ ಬರಲಿ.

ಮೆಟಲ್ ಕಡೆ ವಾಲಿದ ತಂಡಗಳಲ್ಲಿ ಈ ಸಮಸ್ಯೆ ಗಂಟಲಿಗೇ ಬರುತ್ತದೆ. ಎರಡು ಗಿಟಾರು, ಕೀಬೋರ್ಡಿನ ಪಿಟೀಲು ಸೈನ್ಯ, ಅದರ ಮೇಲೊಂದು ಕೋರಸ್, ಇಷ್ಟರ ನಡುವೆ ಆಪೆರಾ ಶೈಲಿಯಲ್ಲಿ ಅಗಲವಾಗಿ ನಡುಗುವ ದನಿ. ಯಾವ ಸ್ವರದಲ್ಲಿ ನಿಂತಿದೆ ಎಂಬುದೇ ಗೊತ್ತಾಗದು. ನೆದರ್ಲೆಂಡ್ಸ್‌ನ 'ದ ಗ್ಯಾದರಿಂಗ್' ತಂಡದ ಆನೆಕೆ ಫಾನ್ ಗೀರ್ಸ್‌ಬರ್ಗನ್ 1995ರ 'ಮ್ಯಾಂಡಿಲಿಯನ್'ನಲ್ಲಿ ಇದಕ್ಕೆ ತದ್ವಿರುದ್ಧ ಮಾಡಿದಳು. ಗಿಟಾರುಗಳು ಕೆಳಗೆ, ಲಯ ನಿಧಾನ, ದನಿ ನಡುಗದೆ ಮೇಲೆ ನಿಲ್ಲುತ್ತದೆ. 'ಸ್ಟ್ರೇಂಜ್ ಮಷೀನ್ಸ್' ಒಂದು ಸಾಕು. ಈ ಸಾಲಿನಲ್ಲಿ ಆಮೇಲೆ ಬಂದವರಲ್ಲಿ ಬಹುಮಂದಿಗಿಂತ ಅವಳೇ ನನಗೆ ಇಷ್ಟ.

ಇಂಗ್ಲೆಂಡಿನ ಜನಪದ ರಾಕ್ ಗಾಯಕಿ ಸ್ಯಾಂಡಿ ಡೆನ್ನಿಯನ್ನು ಒಂದೇ ಮಾತಿನಲ್ಲಿ ದಾಟಿಸುವುದು ಅನ್ಯಾಯ. ಆದರೂ ಇಷ್ಟು ಹೇಳಬಹುದು: ಲೆಡ್ ಜೆಪ್ಲಿನ್ 1971ರಲ್ಲಿ 'ದ ಬ್ಯಾಟಲ್ ಆಫ್ ಎವರ್‌ಮೋರ್' ಹಾಡಿಗೆ ಅವಳನ್ನು ಕರೆದಾಗ ಡ್ರಮ್ಸ್ ಕೈಬಿಟ್ಟು ಮ್ಯಾಂಡೊಲಿನ್ ಹಿಡಿದರು.

ಇನ್ನು ನಮ್ಮವರಿಗೆ ಕುತೂಹಲವಾಗುವ ಒಂದು ಸಂಗತಿ. ವೇಲ್ಸ್ ದೇಶದಲ್ಲಿ 'ಕರ್ನಾಟಕ' ಎಂಬ ಹೆಸರಿನದೇ ಒಂದು ಪ್ರಾಗ್ ತಂಡ ಇದೆ. ಮೊದಲ ಆಲ್ಬಮ್ 1998ರದು, ಹಾಡಿದವಳು ರೇಚೆಲ್ ಜೋನ್ಸ್. 2003ರ 'ಡೆಲಿಕೇಟ್ ಫ್ಲೇಮ್ ಆಫ್ ಡಿಸೈರ್' ಇವರದರಲ್ಲಿ ಮೊದಲು ಕೇಳಬೇಕಾದದ್ದು. ಆಮೇಲೆ ಗಾಯಕಿಯರು ಬದಲಾಗುತ್ತ ಹೋದರು, ಹೆಸರು ಮಾತ್ರ ಹಾಗೇ ಉಳಿಯಿತು. ಹುಡುಕುವಾಗ ಬರೀ ತಂಡದ ಹೆಸರು ಹಾಕಿದರೆ ರಾಜ್ಯದ ಪರೀಕ್ಷಾ ಫಲಿತಾಂಶವೂ ಪ್ರವಾಸೋದ್ಯಮವೂ ಸಾಲಾಗಿ ಬರುತ್ತವೆ, ಆದ್ದರಿಂದ ಆಲ್ಬಮ್ ಹೆಸರು ಸೇರಿಸಿಯೇ ಹುಡುಕಿ.

ಹೆಸರಿಗಷ್ಟೇ ಅಲ್ಲದೆ ನಿಜಕ್ಕೂ ನಮ್ಮದು ಎನ್ನಬಹುದಾದ ದನಿ ಬೆಂಗಳೂರಿನ ಆರ್.ಎ. ರಮಾಮಣಿಯವರದು. ಮೃದಂಗದ ಟಿ.ಎ.ಎಸ್. ಮಣಿಯವರ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ತಂಡ ಜರ್ಮನಿಯ ಎಂಬ್ರಿಯೋದಂಥ ರಾಕ್ ತಂಡದ ಜೊತೆ ನುಡಿಸಿತ್ತು. 1983ರಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಇಸಿಎಂ ಎಂಬ ಧ್ವನಿಮುದ್ರಣ ಕಂಪನಿಗೆ 'ಜ್ಯೋತಿ' ಆಲ್ಬಮ್ ಮಾಡಿತು. ಅದರಲ್ಲಿ ಗಿಟಾರಿಲ್ಲ, ಕೀಬೋರ್ಡಿಲ್ಲ. ತಂಬೂರಿ, ಮೃದಂಗ, ಘಟ, ಖಂಜಿರ, ಕೊನ್ನಕೋಲು, ಎದುರಿಗೆ ಸ್ಯಾಕ್ಸೋಫೋನ್. ಮರಿಯಾನೋ ಭಾರತದಲ್ಲಿ ನಾಗಸ್ವರ ಕಲಿತವರು, ಗಮಕ ಎಲ್ಲಿ ಮುಗಿಯುತ್ತದೆಂದು ಗೊತ್ತಿದ್ದವರು, ರಮಾಮಣಿ ಹಾಡುವಾಗ ಅವರು ಅಡ್ಡ ಬರುವುದಿಲ್ಲ. ಇದು ಪ್ರಾಗ್ ಅಲ್ಲ, ಜಾಸ್ ಎಂದು ಪಟ್ಟಿ ಮಾಡುವವರು ತಕರಾರು ತೆಗೆಯುತ್ತಾರೆ. ತೆಗೆಯಲಿ, ಜಾಸ್ ಕಪಾಟಿನಲ್ಲೇ ಹುಡುಕಿಕೊಳ್ಳಲಿ. ನನ್ನ ಪಟ್ಟಿಯಲ್ಲಿ ಅವರ ಹೆಸರು ಹಾಸ್ಲಮ್ ಹೆಸರಿನ ಕೆಳಗೇ ಇರುತ್ತದೆ.