ಹವಳದ ಟ್ಯಾಂಕಿನಲ್ಲಿ ಸ್ವಲ್ಪ ಉಪ್ಪು ಹೆಚ್ಚಾದ್ರೆ ಎಂಥ ಆಗ್ತದೆ ಅಂತೆ, ಹವಳ ಮಾರಿದ ಅಂಗಡಿಯವ ಕೇಳ್ತಾನೆ!

ತಂಗಿಯ ಮದುವೆಗೆ ಉಡುಪಿಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂದೆ ಅಷ್ಟೆ. ಮನೆಯ ಉಪ್ಪುನೀರಿನ ಗಾಜಿನ ಟ್ಯಾಂಕಿನಲ್ಲಿ ಮೂರು ವರ್ಷದಿಂದ ಸಾಕಿದ ನನ್ನ ಆಕ್ರೊಪೊರಾ ಜಾತಿಯ ಜೀವಂತ ಹವಳ ಬುಡದಿಂದ ಸುಲಿದುಕೊಂಡು ಬಂದಿತ್ತು. ಬೇಯಿಸಿದ ಬಟಾಟೆಯ ಸಿಪ್ಪೆ ಬರ್ತದಲ್ಲ, ಹಾಗೆ. ಒಳಗೆ ಬೆಳ್ಳಗೆ ಸುಣ್ಣದ ಕಡ್ಡಿ. ಪಂಪಿನ ಅಲೆ ಬಡಿದ ಹಾಗೆಲ್ಲ ಉಳಿದ ಚರ್ಮವೂ ಚೂರುಚೂರಾಗಿ ತೇಲಿಹೋಗುತ್ತಿತ್ತು.

ದುಬೈಯ ಫ್ಲಾಟಿನಲ್ಲಿ ಹಗಲೂ ರಾತ್ರಿ ಎಸಿ. ನನ್ನ 200 ಲೀಟರಿನ ಟ್ಯಾಂಕಿನಿಂದ ದಿನಕ್ಕೆ ಮೂರು ಲೀಟರ್ ಆರಿಹೋಗ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರ್ತದೆ. ಹಾಗಾಗಿ ತುಂಬಿಸಬೇಕಾದ್ದು ಉಪ್ಪಿಲ್ಲದ ಆರ್‌ಒ ನೀರು. ಎರಡು ಕ್ಯಾನ್ ತುಂಬಿಸಿ, ರೂಮ್‌ಮೇಟಿಗೆ ತೋರಿಸಿ, ಗಾಜಿಗೆ ಮಾರ್ಕರಿನಲ್ಲಿ ಗೆರೆ ಎಳೆದು, ಇಲ್ಲಿಯವರೆಗೆ ಹಾಕು ಮಾರಾಯ ಅಂತ ಹೇಳಿ ಹೋಗಿದ್ದೆ. ಪಕ್ಕದಲ್ಲೇ, ನೀರು ಬದಲಿಸಲಿಕ್ಕೆ ಕಲಸಿಟ್ಟ ಉಪ್ಪುನೀರಿನ ಎರಡು ಕ್ಯಾನ್ ಇತ್ತು. ಪುಣ್ಯಾತ್ಮ ಅದನ್ನೇ ಹಾಕಿದ. "ಸಮುದ್ರದ್ದಲ್ವೇನೋ, ಸಪ್ಪೆ ನೀರು ಹಾಕಿದ್ರೆ ಸತ್ತೋಗುತ್ತೆ ಅನ್ಕೊಂಡೆ ಕಣೋ." ಶಿವಮೊಗ್ಗದವ. ಅವನಿಗೆ ಬೈಯಲಿಕ್ಕೂ ಮನಸ್ಸು ಬರಲಿಲ್ಲ, ಪ್ರೀತಿಯಿಂದಲೇ ಹಾಕಿದ್ದು.

ಲೆಕ್ಕ ಹಾಕಿ. 36 ಲೀಟರ್, ಲೀಟರಿಗೆ 35 ಗ್ರಾಂ. ಒಂದೂಕಾಲು ಕಿಲೋ ಉಪ್ಪು! ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿಗೆ ಒಂದು ಹನಿ ಬಿಟ್ಟು ಟ್ಯೂಬ್‌ಲೈಟಿಗೆ ಹಿಡಿದರೆ ನೀಲಿಯ ಗೆರೆ 41ರಲ್ಲಿ ನಿಂತಿತ್ತು. ಇರಬೇಕಾದ್ದು 35. ಒರೆಸಿ ಮತ್ತೆ ನೋಡಿದೆ. 41.

ಹೊಟ್ಟೆ ಉರಿದದ್ದು ಇದಕ್ಕಲ್ಲ, ಇದರ ನಂತರದ್ದಕ್ಕೆ. ಹವಳ ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ ಆ ಮನುಷ್ಯ ನಗ್ತಾನೆ. ಇಲ್ಲಿನ ಸಮುದ್ರವೇ 40 ದಾಟ್ತದಂತೆ, ಅದರಲ್ಲಿ ಹವಳ ಬದುಕಿಲ್ವಾ ಅಂತೆ, ಗಟ್ಟಿ ಹವಳಕ್ಕೆ ಏನೂ ಆಗುವುದಿಲ್ಲವಂತೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಅಲ್ಲಿಯೂ ನಾಲ್ಕು ಜನ ಅದೇ ರಾಗ.

ಹೌದು ಸ್ವಾಮಿ, ಕೊಲ್ಲಿಯ ಹವಳ ಬದುಕ್ತದೆ. ತಲೆಮಾರುಗಟ್ಟಲೆ ಆ ಉಪ್ಪಿನಲ್ಲೇ ಹುಟ್ಟಿ ಒಗ್ಗಿಹೋದದ್ದು ಅದು. ಎಷ್ಟು ಒಗ್ಗಿದೆ ಅಂದ್ರೆ, ಅದನ್ನು ಕಡಿಮೆ ಉಪ್ಪಿನ ನೀರಿಗೆ ತಂದಾಗ ಅದರ ಹೆಸರಾಂತ ಸೆಖೆ ತಡೆಯುವ ಶಕ್ತಿಯೇ ಹೊರಟುಹೋಯಿತು ಅಂತ 2015ರ ಒಂದು ಸಂಶೋಧನೆಯಲ್ಲಿ ಉಂಟು. ನೀವು ನನಗೆ ಮಾರಿದ್ದು ಇಂಡೊನೇಷ್ಯಾದಿಂದ ವಿಮಾನ ಹತ್ತಿ ಬಂದದ್ದು. 34ರ ಆಸುಪಾಸಿನ ನೀರಿನದ್ದು. ದುಬೈ ವೀಸಾ ಸಿಕ್ಕಿತು ಅಂತ ಅದಕ್ಕೆ ಗಲ್ಫಿನ ಉಪ್ಪು ಹಿಡಿಸ್ತದಾ?

ನಮ್ಮೂರ ಅಳಿವೆಯ ಮರುವಾಯಿ, ಅಂದ್ರೆ ಚಿಪ್ಪಿನ ಜೀವಿಯಾದರೆ ಮಳೆಗಾಲದಲ್ಲಿ ಹೊಳೆ ನೆರೆ ಬಂದು ನೀರು ಸಪ್ಪೆಯಾದಾಗ ಚಿಪ್ಪು ಮುಚ್ಚಿ ಕೂತುಕೊಳ್ತದೆ. ಹವಳಕ್ಕೆ ಮುಚ್ಚಲಿಕ್ಕೆ ಬಾಗಿಲಿಲ್ಲ, ಉಪ್ಪು ಹೊರಗೆ ಹಾಕಲಿಕ್ಕೆ ಮೂತ್ರಪಿಂಡವೂ ಇಲ್ಲ. ಹೊರಗಿನ ನೀರು ಎಷ್ಟು ಉಪ್ಪೋ ಒಳಗೂ ಅಷ್ಟೇ. ಮೀನು ಹೇಗೋ ಸುಧಾರಿಸಿಕೊಳ್ತದೆ. ನನ್ನ ಕ್ಲೌನ್ ಮೀನುಗಳೆರಡು ಏನೂ ಆಗದ ಹಾಗೆ ತಿರುಗಾಡಿಕೊಂಡಿದ್ದವು. ಅದರ ಫೋಟೋ ನೋಡಿ "ಮೀನು ಆರಾಮಾಗಿದೆಯಲ್ಲ, ಮತ್ತೇನು?" ಅಂತ ಒಬ್ಬ. ಇವರಿಗೆ ಏನು ಹೇಳುವುದು!

ಅಂಗಡಿಯವನ ಮದ್ದು ಕೇಳಿ: 30 ಲೀಟರ್ ತೆಗೆ, 30 ಲೀಟರ್ ಪ್ಲೇನ್ ನೀರು ಸುರಿ, ಅರ್ಧ ಗಂಟೆಯ ಕೆಲಸ. ಲೆಕ್ಕವೇನೋ ಸರಿ, 35ಕ್ಕೇ ಬರ್ತದೆ. ಆದರೆ ಹನ್ನೆರಡು ದಿನದಲ್ಲಿ ಏರಿದ್ದನ್ನು ಅರ್ಧ ಗಂಟೆಯಲ್ಲಿ ಇಳಿಸಿದರೆ ಉಳಿದ ಜೀವವೂ ಹೋಗ್ತದೆ. ಏರಿದ್ದಕ್ಕಿಂತ ಇಳಿಸುವುದರಲ್ಲೇ ಜನ ಹೆಚ್ಚು ಹವಳ ಕಳಕೊಳ್ಳುವುದು ಅಂತ ನನಗೆ ಅನಿಸ್ತದೆ. ನಾನು ದಿನಕ್ಕೆ ಐದು ಲೀಟರ್ ತೆಗೆದು ಐದು ಲೀಟರ್ ಆರ್‌ಒ ಹಾಕಿದೆ, ದಿನಕ್ಕೆ ಒಂದೇ ಅಂಕ ಇಳಿಯುವ ಹಾಗೆ. ಆರು ದಿನ, ಆಫೀಸಿಂದ ಬಂದು ಶೂ ಬಿಚ್ಚುವ ಮೊದಲು ಬಕೆಟ್.

ಟ್ಯಾಂಕಿನ ಬೇರೆ ಹವಳಗಳಲ್ಲಿ ಹ್ಯಾಮರ್ ನಾಲ್ಕನೇ ದಿನ ಬೆರಳಿನ ತುದಿಯಷ್ಟು ಹೊರಗೆ ಬಂತು. ಮಾಂಟಿಪೊರಾ ಬಣ್ಣ ಬಿಟ್ಟು ಚಹಾಕ್ಕೆ ಹಾಲು ಹೆಚ್ಚಾದ ಹಾಗೆ ಕೂತಿದೆ, ಹೇಳಲಿಕ್ಕಾಗುವುದಿಲ್ಲ. ಆಕ್ರೊಪೊರಾ ಮುಗಿಯಿತು.

ನನ್ನದೂ ತಪ್ಪುಂಟು. ಆರಿದಷ್ಟು ನೀರು ತಾನೇ ತುಂಬಿಸುವ ಆಟೋ ಟಾಪ್‌ಅಪ್ ಒಂದು ಹಾಕಿಸಿಕೊಂಡಿದ್ದರೆ ಈ ರಗಳೆಯೇ ಇರಲಿಲ್ಲ. ಜಿಪುಣತನ ಮಾಡಿದೆ, ಕ್ಯಾನಿಗೆ ಒಂದು ಚೀಟಿ ಅಂಟಿಸುವ ಬುದ್ಧಿಯೂ ಬರಲಿಲ್ಲ. ರೂಮ್‌ಮೇಟ್ ಈಗ ಕ್ಯಾನಿಗೆ ಬೆರಳು ಅದ್ದಿ ನೆಕ್ಕಿ ನೋಡಿಯೇ ನೀರು ಹಾಕುವುದು.

ನಿನ್ನೆ ಆ ಅಂಗಡಿಯಿಂದ ಮೆಸೇಜು, ಹೊಸ ಆಕ್ರೊಪೊರಾ ಬಂದಿದೆಯಂತೆ, ಬಹಳ ಗಟ್ಟಿ ಜಾತಿಯಂತೆ. ನಿಮ್ಮ ಟ್ಯಾಂಕಿನ ಉಪ್ಪು ಎಷ್ಟು ಅಂತ ಒಂದೇ ಪ್ರಶ್ನೆ ಕಳಿಸಿದೆ. ಎರಡು ನೀಲಿ ಟಿಕ್ ಬಿದ್ದಿದೆ. ಉತ್ತರ ಇಲ್ಲ.