ಮೆಣಸಿನಕಾಯಿ ಇಲ್ಲದ ಯುದ್ಧ

ರಾಯಚೂರಿನಲ್ಲಿ ಕಾದಂಬರಿ ಬರೆಯುವವರ ಮೊದಲ ಶತ್ರು ಸೀಲಿಂಗ್ ಫ್ಯಾನು. ಮೇ ತಿಂಗಳಲ್ಲಿ ಅದನ್ನು ಹಾಕಿದರೆ ಹಾಳೆಗಳು ಮಂಚದ ಕೆಳಗೆ ಸೇರುತ್ತವೆ. ಆರಿಸಿದರೆ ಬೆವರಿಗೆ ಮೊಣಕೈಗೆ ಅಂಟಿಕೊಂಡು, ನಾವು ಎದ್ದಾಗ ಜೊತೆಗೇ ಎದ್ದು ಬರುತ್ತವೆ. ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ನನಗೆ ಬೇಕಿದ್ದದ್ದು ಒಂದು ಬಲ್ಬು. ಅದರ ತಪ್ಪೇನಿಲ್ಲ ಬಿಡಿ, ನಮ್ಮ ಮನೆಯ ಫ್ಯೂಸಿನದೇ ಬೇರೆ ಕಥೆ. ಎರಡನೇ ಅಧ್ಯಾಯ ಮೇಣದಬತ್ತಿಯಲ್ಲಿ ಮುಗಿಯಿತು.

ಎರಡನೇ ಶತ್ರು ಒಳಗಿನವನು. ನಾಲ್ಕು ಸಾಲು ಬರೆದರೆ ಸಾಕು, 'ನಿನಗ್ಯಾಕೆ ಬೇಕಿತ್ತು ಇದು?' ಅಂತ ಶುರು ಮಾಡುತ್ತಾನೆ. ಅದಕ್ಕೆ ಸರಿಯಾಗಿ ನಾನು ಆರಿಸಿಕೊಂಡ ವಸ್ತುವೂ ಸಣ್ಣದಲ್ಲ: 1520ರ ರಾಯಚೂರು ಯುದ್ಧ. ಆ ಕಡೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ, ಈ ಕಡೆ ಕೃಷ್ಣದೇವರಾಯ, ಜೊತೆಗೆ ಆನೆ, ಕುದುರೆ, ಫಿರಂಗಿ. ಮನೆಗೆ ನಾಲ್ಕು ಜನ ನೆಂಟರು ಬಂದರೇ ಯಾರನ್ನು ಎಲ್ಲಿ ಕೂರಿಸಬೇಕು ಅಂತ ತಿಳಿಯದೆ ಒದ್ದಾಡುವವನು ನಾನು.

ಧೈರ್ಯ ಬರಲಿ ಅಂತ ಕೋಟೆಗೆ ಹೋದೆ. ಅಲ್ಲಿಯ ಗೋಡೆಯಲ್ಲಿ 1294ರ ತೆಲುಗು ಶಾಸನವಿರುವ ಒಂದು ಕಲ್ಲಿದೆ. ನಲವತ್ತು ಅಡಿಗೂ ಜಾಸ್ತಿ ಉದ್ದ, ಒಂದೇ ಕಲ್ಲು! ಅದನ್ನು ಗಾಡಿಗೆ ಹೇರಿ ಕೋಣಗಳು ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ನನಗೆ ಕಲ್ಲಿಗಿಂತ ಆ ಚಿತ್ರವೇ ಇಷ್ಟ. ಅರ್ಧ ದಾರಿಯಲ್ಲಿ ಯಾವುದೋ ಒಂದು ಕೋಣಕ್ಕಾದರೂ 'ಇದು ನನ್ನಿಂದ ಆಗುತ್ತಾ?' ಅನ್ನಿಸಿರಬೇಕು ಅಲ್ವಾ?

ಮನೆಗೆ ಬಂದು ಹುಮ್ಮಸ್ಸಿನಲ್ಲಿ ಬರೆಯುತ್ತಾ ಕೂತೆ. ಅವ್ವ ಅಡುಗೆಮನೆಯಿಂದ ಕೂಗಿದಳು: "ಉಂಡು ಬರಿಬಾರ್ದಾ? ಆದಿಲ್ ಷಾ ಏನ್ ಓಡಿ ಹೋಗ್ತಾನಾ?"

ಓಡಿ ಹೋಗುತ್ತಾನೆ. ಸೋತು ಕೃಷ್ಣಾ ನದಿ ದಾಟಿ ಓಡಿದ್ದು ಚರಿತ್ರೆಯಲ್ಲೇ ಇದೆ. ನಾನು ಆಗ ಅದೇ ಪುಟದಲ್ಲಿದ್ದೆ. ಆದರೆ ಇದನ್ನೆಲ್ಲ ವಿವರಿಸುವಷ್ಟರಲ್ಲಿ ರೊಟ್ಟಿ ಆರಿರುತ್ತಿತ್ತು.

ತಾಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಂಚಿಗೆ ಕರಿದ ಮೆಣಸಿನಕಾಯಿ. ಮೊದಲ ತುತ್ತಿಗೇ ಹೊಸ ಅನುಮಾನ: ನನ್ನ ಸೈನಿಕರು ಏನು ತಿನ್ನುತ್ತಾರೆ? ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರು ತಂದದ್ದು. ಸರಿ, ತೆಗೆದೆ. ಶೇಂಗಾ? ಅದೂ ಅಲ್ಲಿಯದೇ. ಟೊಮ್ಯಾಟೊ, ಆಲೂಗಡ್ಡೆಗೂ ಅದೇ ಗತಿ. ರಾಯರ ಸೈನ್ಯದ ಮುಂದೆ ಉಳಿದದ್ದು ಬರೀ ರೊಟ್ಟಿ, ಬದನೆಕಾಯಿ, ಕಾಳುಮೆಣಸಿನ ಪುಡಿ.

ಸೋದರಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಅವರು ಕೇಸು ಹಿಡಿದರು. "ರಾಯರ ಕಡೆ ಪೋರ್ಚುಗೀಸ್ ಬಂದೂಕಿನವ್ರು ಇದ್ರಿಲ್ಲೋ?"

"ಇದ್ರು ಮಾಮಾ."

"ಗೋವಾ ಅವರ ಕೈಗೆ ಯಾವಾಗ ಬಂತು?"

"1510ರಲ್ಲಿ."

"ಹತ್ತು ವರ್ಷದಾಗ ಯಾರದಾದ್ರೂ ಒಬ್ಬನ ಚೀಲದಾಗ ನಾಕು ಮೆಣಸಿನಕಾಯಿ ಇದ್ದಿರಬಾರ್ದಾ? ಸಂಶಯದ ಲಾಭ ಕಾದಂಬರಿಕಾರನಿಗೇ ಸಿಗಬೇಕು!"

ಲಾಭ ತಗೊಳ್ಳಲು ನನಗೇ ಮನಸ್ಸಾಗಲಿಲ್ಲ. ವಿಚಿತ್ರ ಅಂದರೆ, ಈ ಗಲಾಟೆಯಲ್ಲಿ ಒಳಗಿನವನು ಬಾಯಿ ಮುಚ್ಚಿಕೊಂಡಿದ್ದ. 'ನಿನ್ನ ಕೈಲಿ ಆಗುತ್ತಾ?' ಅನ್ನುವುದಕ್ಕೆ ಉತ್ತರ ಯಾವ ಪುಸ್ತಕದಲ್ಲಿ ಹುಡುಕಬೇಕು? ಮೆಣಸಿನಕಾಯಿ ಯಾವಾಗ ಬಂತು ಅನ್ನುವುದಕ್ಕಾದರೆ ಲೈಬ್ರರಿ ಇದೆ. ಬಂದೂಕಿನ ಮದ್ದು ನೆನೆಯದ ಹಾಗೆ ಹೇಗೆ ಇಡುತ್ತಿದ್ದರು? ಏಪ್ರಿಲ್ ಬಿಸಿಲಿನಲ್ಲಿ ಆನೆಗೆ ಎಷ್ಟು ನೀರು ಬೇಕು? ಇಂಥವುಗಳ ಹಿಂದೆ ಬಿದ್ದು ಐದನೇ ಅಧ್ಯಾಯಕ್ಕೆ ಬಂದದ್ದೇ ಗೊತ್ತಾಗಲಿಲ್ಲ.

ಊಟದ ದೃಶ್ಯ ಮುಗಿದ ದಿನ ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಇಷ್ಟು ಸಪ್ಪಗೆ ಉಂಡು ಅದ್ಹೆಂಗ ಯುದ್ಧ ಗೆದ್ರೋ?" ಅಂದಳು. ಎಂಥ ಮಾತು! ಆಗಲೇ ಅದನ್ನು ಒಬ್ಬ ಮುದುಕ ಸೈನಿಕನ ಬಾಯಿಗೆ ಹಾಕಿದೆ. ರಾತ್ರಿ ಮಲಗಿದ ಮೇಲೆ ದಿಗ್ಗನೆ ಎದ್ದು ಕೂತೆ: ಹುಟ್ಟಿದಾಗಿನಿಂದ ಮೆಣಸಿನಕಾಯಿಯನ್ನೇ ಕಾಣದವನಿಗೆ ಊಟ ಸಪ್ಪೆ ಅಂತ ಹೇಗೆ ಗೊತ್ತಾಗುತ್ತದೆ?